ಬೀರುವಿನೊಳಗಿನ ನಾದಯಂತ್ರ

ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಹೋದವರು ನೋಡಲೇಬೇಕಾದ ಸ್ಥಳಗಳ ಪಟ್ಟಿ ಎಂದೋ ಸಿದ್ಧವಾಗಿಬಿಟ್ಟಿದೆ. ಮಂಜಿನಲ್ಲಿ ಅರ್ಧ ಮುಳುಗಿ ಅರ್ಧ ತೇಲುವ ಗೋಲ್ಡನ್ ಗೇಟ್ ಸೇತುವೆ, ಕಡಿದಾದ ಬೀದಿಗಳನ್ನು ಏದುಸಿರಿಲ್ಲದೆ ಏರುವ ಕೇಬಲ್ ಕಾರು, ಕೊಲ್ಲಿಯ ನಡುವೆ ಕುಳಿತ ಆಲ್ಕಟ್ರಾಜ್ ಸೆರೆಮನೆ, ಚೀನೀಯರ ಪೇಟೆ - ಇಷ್ಟನ್ನು ಕಂಡು, ನಾಲ್ಕು ಚಿತ್ರಗಳನ್ನು ತೆಗೆದುಕೊಂಡು ಬಂದರೆ ಯಾತ್ರೆ ಪೂರೈಸಿತೆಂದೇ ಲೆಕ್ಕ. ಡಿವಿಸಡೆರೋ ರಸ್ತೆಯ 321ನೆಯ ನಂಬರಿನ ಕಟ್ಟಡ ಎಲ್ಲಿದೆಯೆಂದು ವಿಚಾರಿಸುವ ಪ್ರವಾಸಿ ಸಾವಿರಕ್ಕೊಬ್ಬನೂ ಸಿಗಲಾರನು. ನಗರದ ನಡುವೆ ದಕ್ಷಿಣೋತ್ತರವಾಗಿ ಗುಡ್ಡಗಳನ್ನು ಹತ್ತಿ ಇಳಿಯುತ್ತ ಸಾಗುವ ಆ ರಸ್ತೆಯಲ್ಲಿ ಅಂಗಡಿಗಳುಂಟು, ಉಪಾಹಾರ ಗೃಹಗಳುಂಟು, ಮುಂಭಾಗಕ್ಕೆ ಮರದ ಕುಸುರಿಕೆಲಸ ಮಾಡಿದ ಹಳೆಯ ಮನೆಗಳುಂಟು. ಕಣ್ಣು ಕೋರೈಸುವಂಥದೇನೂ ಅಲ್ಲಿಲ್ಲ. ಆದರೂ ಈ ಶತಮಾನದ ಯುವಕರು ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಸಂಗೀತದ ಅರ್ಧಪಾಲಿನ ವಂಶವೃಕ್ಷವನ್ನು ಬರೆಯಹೊರಟರೆ, ಅದರ ಒಂದು ಬೇರು ಈ ವಿಳಾಸಕ್ಕೇ ಬಂದು ಸೇರುತ್ತದೆ.

1962ರಲ್ಲಿ ರಮೋನ್ ಸೆಂಡರ್, ಮೋರ್ಟನ್ ಸುಬಾಟ್ನಿಕ್ ಎಂಬ ಇಬ್ಬರು ತರುಣ ಸಂಗೀತಗಾರರು ಸೇರಿ 'ಸ್ಯಾನ್ ಫ್ರಾನ್ಸಿಸ್ಕೋ ಟೇಪ್ ಸಂಗೀತ ಕೇಂದ್ರ' ಎಂಬುದೊಂದನ್ನು ಸ್ಥಾಪಿಸಿದರು. ಅದು ಡಿವಿಸಡೆರೋ ರಸ್ತೆಗೆ ಬಂದದ್ದು ಮರುವರ್ಷ. ಹೆಸರು ದೊಡ್ಡದು, ಬಂಡವಾಳ ಚಿಕ್ಕದು. ಅವರಿಬ್ಬರ ಬಳಿ ಇದ್ದ ಉಪಕರಣಗಳನ್ನು ಒಂದೆಡೆ ಕೂಡಿಹಾಕಿದ್ದೇ ಕೇಂದ್ರದ ಆಸ್ತಿಯಾಯಿತು. ಕಟ್ಟಡದ ಬಾಡಿಗೆಯ ಭಾರವನ್ನು ಹಂಚಿಕೊಳ್ಳಲು ಒಂದು ರೇಡಿಯೋ ಕೇಂದ್ರವೂ ಒಂದು ನೃತ್ಯಶಾಲೆಯೂ ಜೊತೆಗೂಡಿದವು. ಪಾಲಿನ್ ಆಲಿವೆರೋಸ್ ಎಂಬ ಸಂಗೀತಗಾರ್ತಿ ಅಲ್ಲಿನ ಪ್ರಮುಖರಲ್ಲೊಬ್ಬರಾದರು. 1964ರ ನವೆಂಬರ್ ತಿಂಗಳಲ್ಲಿ ಟೆರಿ ರೈಲಿಯವರ 'ಇನ್ ಸಿ' ಎಂಬ ಕೃತಿ ಮೊಟ್ಟಮೊದಲು ಕೇಳಿಬಂದದ್ದು ಇಲ್ಲಿಯೇ.

ಟೇಪ್ ಸಂಗೀತವೆಂದರೆ ಇಂದಿನ ಮಕ್ಕಳಿಗೆ ಅರ್ಥವಾಗುವುದು ಕಷ್ಟ. ಯಾವುದೋ ಶಬ್ದವನ್ನು ಟೇಪಿನ ಮೇಲೆ ಮುದ್ರಿಸಿಕೊಂಡು, ಆ ಟೇಪನ್ನು ಕ್ಷೌರದ ಬ್ಲೇಡಿನಿಂದ ಅಂಗುಲ ಅರ್ಧಾಂಗುಲದ ತುಂಡುಗಳಾಗಿ ಕತ್ತರಿಸಿ, ಬೇಕಾದ ಕ್ರಮದಲ್ಲಿ ಅಂಟಿಸಿ, ಹಿಂದುಮುಂದಾಗಿ, ನಿಧಾನವಾಗಿ, ವೇಗವಾಗಿ ಓಡಿಸಿ ಹೊಸತೊಂದು ನಾದವನ್ನು ಕಟ್ಟುವ ಕೆಲಸ ಅದು. ಒಂದು ನಿಮಿಷದ ಸಂಗೀತಕ್ಕೆ ದಿನಗಟ್ಟಲೆ ದುಡಿಯಬೇಕು. ಬತ್ತಿ ಹೊಸೆಯುವ ಅಜ್ಜಿಯರಿಗಾದರೂ ಆ ತಾಳ್ಮೆ ಇದ್ದೀತು, ರಕ್ತ ಕುದಿಯುವ ತರುಣರಿಗೆ ಎಷ್ಟು ದಿನ ಇರಬಲ್ಲದು? ಈ ಕತ್ತರಿ ಕೆಲಸವನ್ನು ತಪ್ಪಿಸಿ, ಕುಳಿತಲ್ಲಿಯೇ ನಾದವನ್ನು ರೂಪಿಸಬಲ್ಲ ಯಂತ್ರವೊಂದು ಬೇಕೆಂದು ಸೆಂಡರ್ ಮತ್ತು ಸುಬಾಟ್ನಿಕ್ ಹಂಬಲಿಸುತ್ತಿದ್ದಾಗ, ಬರ್ಕ್ಲಿಯಲ್ಲಿ ಭೌತಶಾಸ್ತ್ರವನ್ನು ಓದಿದ್ದ ಡಾನ್ ಬುಕ್ಲಾ ಎಂಬ ಯುವಕರು ಅವರಿಗೆ ದೊರಕಿದರು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಬಂದ 500 ಡಾಲರು ಕೈಸೇರಿತು. 1965ರಲ್ಲಿ ಯಂತ್ರ ಸಿದ್ಧವಾಯಿತು. ಅದರ ಹೆಸರು ಇಂದಿಗೂ 'ಬುಕ್ಲಾ ಪೆಟ್ಟಿಗೆ' ಎಂದೇ. ಸಿಂಥೆಸೈಜರ್ ಎಂಬ ಮಾತು ಬುಕ್ಲಾ ಅವರಿಗೆ ಹಿಡಿಸುತ್ತಿರಲಿಲ್ಲ.

ಈ ಪೆಟ್ಟಿಗೆಯನ್ನು ಮೊದಲ ಬಾರಿಗೆ ನೋಡಿದವರಿಗೆ ಹಳೆಯ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನ ಹಲಗೆ ನೆನಪಾಗುತ್ತದೆ. ಸಾಲುಸಾಲಾಗಿ ಲೋಹದ ಫಲಕಗಳು. ಒಂದೊಂದು ಫಲಕದಲ್ಲಿಯೂ ತಿರುಗಿಸುವ ಗುಂಡಿಗಳು, ಪುಟ್ಟ ದೀಪಗಳು, ತೂತುಗಳು. ತೂತಿನಿಂದ ತೂತಿಗೆ ಬಣ್ಣಬಣ್ಣದ ತಂತಿಗಳು. ಒಂದೊಂದು ಫಲಕವೂ ಒಂದೊಂದು ಸ್ವತಂತ್ರ ಘಟಕ. ಒಂದು ಘಟಕ ನಾದವನ್ನು ಹುಟ್ಟಿಸುತ್ತದೆ. ನಮ್ಮ ಕಛೇರಿಗಳಲ್ಲಿ ತಂಬೂರಿಗೆ ಬದಲಾಗಿ ಕೂರಿಸುವ ವಿದ್ಯುತ್ ಶ್ರುತಿಪೆಟ್ಟಿಗೆಯ ಒಳಗಿರುವುದೂ ಇದರ ದಾಯಾದಿಯೇ. ಇನ್ನೊಂದು ಘಟಕ ಆ ನಾದವನ್ನು ಬಾಗಿಲಿನಂತೆ ತೆರೆದು ಮುಚ್ಚುತ್ತದೆ. ಮತ್ತೊಂದು, ಎಂಟೋ ಹದಿನಾರೋ ಮೆಟ್ಟಿಲುಗಳನ್ನು ಒಂದಾದಮೇಲೊಂದರಂತೆ ಹತ್ತುತ್ತ, ಪ್ರತಿ ಮೆಟ್ಟಿಲಿಗೂ ಬೇರೆಬೇರೆ ಆಜ್ಞೆಯನ್ನು ಕೊಡುತ್ತದೆ. ಆಜ್ಞೆಯೆಂದರೆ ವಿದ್ಯುತ್ತಿನ ಒತ್ತಡ, ಎಂದರೆ ವೋಲ್ಟೇಜು. ಒತ್ತಡ ಏರಿದರೆ ಸ್ವರ ಏರುತ್ತದೆ, ಇಳಿದರೆ ಇಳಿಯುತ್ತದೆ. ಒಂದು ಘಟಕದ ಒತ್ತಡ ಇನ್ನೊಂದನ್ನು ಆಳುವುದು, ಆ ಇನ್ನೊಂದು ಮೂರನೆಯದನ್ನು ಆಳುವುದು - ಇದಿಷ್ಟೇ ಇದರ ಗುಟ್ಟು. ಆಜ್ಞೆಯನ್ನು ಒಯ್ಯುವ ತಂತಿಗಳ ಜಾತಿಯೇ ಬೇರೆ, ನಾದವನ್ನು ಒಯ್ಯುವ ತಂತಿಗಳ ಜಾತಿಯೇ ಬೇರೆ. ಒಂದರ ಮೂತಿ ಇನ್ನೊಂದರ ತೂತಿಗೆ ಹೊಂದದು.

ಅದೇ ಸಮಯಕ್ಕೆ ದೇಶದ ಇನ್ನೊಂದು ತುದಿಯಲ್ಲಿ, ನ್ಯೂಯಾರ್ಕ್ ರಾಜ್ಯದ ಟ್ರುಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ, ರಾಬರ್ಟ್ ಮೋಗ್ ಎಂಬುವರೂ ಇಂಥದೇ ಯಂತ್ರವನ್ನು ಕಟ್ಟುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮಾಡಿದ್ದಲ್ಲ. ಮೋಗರ ಯಂತ್ರಕ್ಕೆ ಪಿಯಾನೋವಿನಂತೆ ಕರಿಬಿಳಿ ಮನೆಗಳಿದ್ದವು. ಬುಕ್ಲಾ ಅವರು ಆ ಮನೆಗಳನ್ನೇ ಬಹಿಷ್ಕರಿಸಿ, ಬೆರಳು ಸೋಕಿದರೆ ಸ್ಪಂದಿಸುವ ಲೋಹದ ಪಟ್ಟಿಗಳನ್ನಿಟ್ಟರು. ಕರಿಬಿಳಿ ಮನೆಗಳನ್ನು ಕಂಡೊಡನೆ ಬೆರಳುಗಳು ಹಳೆಯ ಹಾಡನ್ನೇ ಹುಡುಕಿಕೊಂಡು ಹೋಗುತ್ತವೆಂಬುದು ಅವರ ವಾದ. ಈ ವಾದ ಕನ್ನಡಿಗರಿಗೆ ಹೊಸತೇನಲ್ಲ. ಹಾರ್ಮೋನಿಯಮ್ಮಿನ ಮನೆಗಳ ನಡುವೆ ಗಮಕ ಬಿದ್ದು ಸಾಯುತ್ತದೆಂದು ನಮ್ಮ ವಿದ್ವಾಂಸರು ಎಷ್ಟು ಜಗಳವಾಡಿಲ್ಲ! ಆಕಾಶವಾಣಿಯು 1940ರಿಂದ ಮೂರು ದಶಕಗಳ ಕಾಲ ಆ ವಾದ್ಯವನ್ನು ಒಳಗೆ ಬಿಟ್ಟುಕೊಳ್ಳದೆ ಇದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ವ್ಯಾಪಾರದಲ್ಲಿ ಮಾತ್ರ ಗೆದ್ದವರು ಕರಿಬಿಳಿ ಮನೆಯವರೇ.

ಈಗ ಕೊಲ್ಲಿಯ ಮೇಲಿನ ಉದ್ದನೆಯ ಸೇತುವೆಯನ್ನು ದಾಟಿ ಓಕ್‌ಲೆಂಡ್ ನಗರಕ್ಕೆ ಬರಬೇಕು. ಬುಕ್ಲಾ ಪೆಟ್ಟಿಗೆಯೂ 1966ರಲ್ಲಿ ಹೀಗೆಯೇ ಬಂದಿತು. ರಾಕ್‌ಫೆಲರ್ ಪ್ರತಿಷ್ಠಾನವು ದೊಡ್ಡ ಅನುದಾನವೊಂದನ್ನು ಕೊಡಲು ಒಪ್ಪಿತಾದರೂ ಅದಕ್ಕೊಂದು ಷರತ್ತನ್ನು ಹಾಕಿತು: ಕೇಂದ್ರವು ಯಾವುದಾದರೊಂದು ವಿದ್ಯಾಸಂಸ್ಥೆಯ ಆಶ್ರಯಕ್ಕೆ ಸೇರಬೇಕು. ಹಣ ಕೊಡುವವರ ದೃಷ್ಟಿಯಲ್ಲಿ ಇದು ನ್ಯಾಯವೇ. ಬಾಡಿಗೆ ಮನೆಯ ತರುಣರು ಇಂದು ಇದ್ದು ನಾಳೆ ಚದುರಿಯಾರು, ವಿದ್ಯಾಸಂಸ್ಥೆಗಳು ಸ್ಥಿರವಲ್ಲವೆ? ಹೀಗೆ ಕೇಂದ್ರವು ಮಿಲ್ಸ್ ಕಾಲೇಜಿನ ಮಡಿಲಿಗೆ ಬಿದ್ದಿತು. ಆಲಿವೆರೋಸ್ ಅದರ ಮೊದಲ ನಿರ್ದೇಶಕರಾದರು.

ಮಿಲ್ಸ್ ಕಾಲೇಜಿನ ಆವರಣವನ್ನು ಹೊಕ್ಕವರಿಗೆ ಮೊದಲು ತಾಗುವುದು ನೀಲಗಿರಿ ಮರಗಳ ವಾಸನೆ. ಎತ್ತರವಾದ ಆ ಮರಗಳ ಸಾಲನ್ನು ಕಂಡರೆ ಊಟಿಯ ದಾರಿಯೇ ಕಣ್ಣಿಗೆ ಕಟ್ಟುತ್ತದೆ. ಎರಡೂ ಕಡೆಗೆ ಅವು ಬಂದದ್ದು ಆಸ್ಟ್ರೇಲಿಯಾದಿಂದಲೇ. 1852ರಲ್ಲಿ ಬೆನೀಷಿಯಾ ಎಂಬ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆಯಾಗಿ ಆರಂಭವಾದ ಈ ಸಂಸ್ಥೆ 1871ರಲ್ಲಿ ಇಲ್ಲಿಗೆ ಬಂದು ನೆಲೆಸಿತು. ಸಂಗೀತಕ್ಕೆ ಇದು ಬಹುಕಾಲದಿಂದ ತವರು. ಜರ್ಮನರ ಆಕ್ರಮಣಕ್ಕೆ ಸಿಕ್ಕ ಫ್ರಾನ್ಸನ್ನು ಬಿಟ್ಟುಬಂದ ಡೇರಿಯಸ್ ಮಿಯೋ ಎಂಬ ಹೆಸರಾಂತ ಸಂಗೀತಗಾರರು 1940ರಿಂದ ಇಲ್ಲಿ ಪಾಠ ಹೇಳಿದರು. ಇಂಥ ಕಾಲೇಜಿಗೆ ಬುಕ್ಲಾ ಪೆಟ್ಟಿಗೆ ಬಂದಮೇಲೆ ಅದು ಬೀಗ ಹಾಕಿಸಿಕೊಂಡು ಕೂರಲಿಲ್ಲ. 1969ರಲ್ಲಿ ರಾಬರ್ಟ್ ಆ್ಯಶ್ಲಿ ನಿರ್ದೇಶಕರಾದಮೇಲೆ, ಕಾಲೇಜಿಗೆ ಸೇರದವರಿಗೂ, ಊರಿನ ಸಾಮಾನ್ಯರಿಗೂ ಸ್ಟುಡಿಯೋವಿನ ಬಾಗಿಲು ತೆರೆದಿತ್ತು. ವಿದ್ಯಾಸಂಸ್ಥೆಯೊಂದು ಬೆಲೆಬಾಳುವ ಯಂತ್ರವನ್ನು ಬೀದಿಯ ಜನಕ್ಕೆ ಮುಟ್ಟಲು ಕೊಡುವುದು ಅಮೆರಿಕಾದಲ್ಲಿಯೂ ಅಪರೂಪವೇ.

ಇದೇ ಆವರಣಕ್ಕೂ ನಮ್ಮ ಧಾರವಾಡ ಸೀಮೆಗೂ ಒಂದು ನಂಟುಂಟು. ತೆಳುವಾದರೂ ಗಟ್ಟಿಯಾದ ನಂಟು. 1973ರಿಂದ ಸುಮಾರು ಹತ್ತು ವರ್ಷ ಮಿಲ್ಸ್ ಕಾಲೇಜಿನಲ್ಲಿ ಪಂಡಿತ್ ಪ್ರಾಣನಾಥರು ಹಿಂದೂಸ್ತಾನೀ ಗಾಯನವನ್ನು ಕಲಿಸಿದರು. ಅವರು ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರ ಶಿಷ್ಯರು. ವಹೀದ್ ಖಾನರ ಬಂಧುಗಳಾದ ಅಬ್ದುಲ್ ಕರೀಮ್ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೂ, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೂ ಹರಿದುಬಂದ ಗಂಗೆಯೇ, ಇನ್ನೊಂದು ಕವಲಾಗಿ ಪೆಸಿಫಿಕ್ ಸಾಗರದ ದಡವನ್ನು ಮುಟ್ಟಿತು. 'ಇನ್ ಸಿ' ಬರೆದ ಟೆರಿ ರೈಲಿಯವರು ಪ್ರಾಣನಾಥರ ಕಾಲಬಳಿ ಕುಳಿತು ಕಲಿತರು. ಅವರೂ ಆಗ ಮಿಲ್ಸ್‌ನಲ್ಲಿ ಅಧ್ಯಾಪಕರು. ಒಂದೇ ಷಡ್ಜವನ್ನು ಹಿಡಿದು ಅದರ ಅಂಚು ಮೊನೆಗಳನ್ನೆಲ್ಲ ಸವರುತ್ತ ನಿಲ್ಲುವ ಕಿರಾಣಾದವರ ಕ್ರಮವೂ, ಒಂದೇ ನಾದವನ್ನು ಗುಂಡಿ ತಿರುಗಿಸಿ ಕೂದಲೆಳೆಯಷ್ಟು ಏರಿಸಿ ಇಳಿಸಿ ಕೇಳುತ್ತ ಕೂರುವ ಪೆಟ್ಟಿಗೆಯವರ ಕ್ರಮವೂ ಒಂದೇ ಕಾಲೇಜಿನಲ್ಲಿ ನಡೆಯುತ್ತಿದ್ದವು.

ಇಂಥ ಯಂತ್ರಗಳು 1960 ಮತ್ತು 70ರ ದಶಕಗಳಲ್ಲಿ ಅಮೆರಿಕಾದ ಎಷ್ಟೋ ವಿಶ್ವವಿದ್ಯಾನಿಲಯಗಳನ್ನು ಹೊಕ್ಕವು. ಆಗ ಅವನ್ನು ಕೊಳ್ಳಬಲ್ಲವರೂ ಬಹುಮಟ್ಟಿಗೆ ಅವರೇ. ಒಬ್ಬ ಉತ್ಸಾಹಿ ಅಧ್ಯಾಪಕರು ಅರ್ಜಿಯ ಮೇಲೆ ಅರ್ಜಿ ಬರೆದು, ಆಡಳಿತದವರನ್ನು ಕಾಡಿ ಬೇಡಿ, ಯಂತ್ರವನ್ನು ತರಿಸುವರು. ಅವರಿರುವಷ್ಟು ಕಾಲ ಅದು ಹಾಡುವುದು. ಅವರು ನಿವೃತ್ತರಾದ ದಿನದಿಂದ ಅದರ ಮೇಲೆ ಧೂಳು ಕೂರಲಾರಂಭಿಸುವುದು. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳನ್ನು ಬಲ್ಲವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಲೇಜಿನ ಯಂತ್ರಗಳನ್ನು ಬೀರುವಿಗೆ ತಳ್ಳಿದ ಕೈಯೂ ಇದೇ ಕೊಲ್ಲಿಯ ದಡದ್ದೇ ಎಂಬುದು ಒಂದು ವಿನೋದ. ಕೊಲ್ಲಿಯ ಆಚೆಗೆ, ದಕ್ಷಿಣಕ್ಕೆ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯವಿದೆ. ಅಲ್ಲಿ ಜಾನ್ ಚೌನಿಂಗ್ ಎಂಬುವರು 1967ರಲ್ಲಿ ಒಂದು ಕಂಪನದಿಂದ ಇನ್ನೊಂದು ಕಂಪನವನ್ನು ಅತಿವೇಗವಾಗಿ ನಡುಗಿಸಿ ನಾನಾ ಬಣ್ಣದ ನಾದಗಳನ್ನು ಲೆಕ್ಕಾಚಾರದಿಂದಲೇ ಪಡೆಯುವ ಮಾರ್ಗವನ್ನು ಕಂಡುಕೊಂಡರು. ಆ ಮಾರ್ಗದ ಹಕ್ಕನ್ನು ಪಡೆದ ಜಪಾನಿನ ಯಮಾಹಾ ಕಂಪೆನಿಯು 1983ರಲ್ಲಿ 'ಡಿಎಕ್ಸ್ 7' ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದಿತು. ಕಂಕುಳಲ್ಲಿ ಹೊತ್ತೊಯ್ಯಬಹುದಾದ ವಾದ್ಯ. ಗುಂಡಿಯೊತ್ತಿದರೆ ಗಂಟೆ, ಮತ್ತೊಂದನ್ನೊತ್ತಿದರೆ ಪಿಯಾನೋ. ನೆನ್ನೆ ನುಡಿಸಿದ್ದನ್ನು ಇಂದೂ ನೆನಪಿಟ್ಟುಕೊಳ್ಳುವ ಜಾಣತನ ಬೇರೆ. ಇದರ ಮುಂದೆ ತಂತಿಗಳ ಗೋಜಲನ್ನು ಯಾರು ಬಿಡಿಸುತ್ತ ಕೂರುತ್ತಾರೆ? ಒಂದು ವಿಶ್ವವಿದ್ಯಾನಿಲಯಕ್ಕೆ ಹಕ್ಕಿನ ಹಣ ಬಂದಿತು. ಉಳಿದವುಗಳಲ್ಲಿ ಹಳೆಯ ಪೆಟ್ಟಿಗೆಗಳು ಕಪಾಟು, ನೆಲಮಾಳಿಗೆ, ಮೆಟ್ಟಿಲ ಕೆಳಗಿನ ಕತ್ತಲೆ - ಎಲ್ಲೆಲ್ಲಿ ಜಾಗ ಸಿಕ್ಕಿತೋ ಅಲ್ಲಲ್ಲಿ ಸೇರಿಕೊಂಡವು.

ಅಮೆರಿಕಾದ ವಿಶ್ವವಿದ್ಯಾನಿಲಯಗಳಲ್ಲಿ ಹೆಚ್ಚುವರಿ ಸಾಮಾನುಗಳನ್ನು ವಿಲೇವಾರಿ ಮಾಡಲೆಂದೇ ಒಂದು ವಿಭಾಗವಿರುತ್ತದೆ. ಮುರಿದ ಕುರ್ಚಿ, ಹಳೆಯ ಸೂಕ್ಷ್ಮದರ್ಶಕ, ಕೆಟ್ಟ ಟೈಪ್‌ರೈಟರು, ಇವುಗಳ ಜೊತೆಗೆ ಸಂಗೀತ ಶಾಖೆಯ ಪೆಟ್ಟಿಗೆಯನ್ನೂ ದಾಸ್ತಾನು ಪುಸ್ತಕದಿಂದ ಹೊಡೆದುಹಾಕಿ ಹರಾಜಿಗಿಟ್ಟರು. ತಿಳಿಯದವರು ಬಿಡಿಭಾಗಗಳಿಗಾಗಿ ಕೊಂಡರು; ತಿಳಿದ ಕೆಲವರು ಮೌನವಾಗಿ ಮನೆಗೊಯ್ದರು. ಈ ಶತಮಾನ ಹುಟ್ಟುವ ಹೊತ್ತಿಗೆ ಗಾಳಿ ತಿರುಗಿತು. ಲೆಕ್ಕಾಚಾರದ ವಾದ್ಯಗಳ ನುಣುಪಿಗೆ ಬೇಸತ್ತ ಹೊಸ ತಲೆಮಾರಿನವರು ತಂತಿ ಚುಚ್ಚುವ ಯಂತ್ರಗಳನ್ನೇ ಅರಸುತ್ತ ಬಂದರು. ಹಳೆಯವಕ್ಕೆ ಎಲ್ಲಿಲ್ಲದ ಬೆಲೆ ಬಂದಿತು. ಆಗ ಅಧಿಕಾರಿಗಳು ಕೈ ಹಿಸುಕಿಕೊಂಡದ್ದೂ ಉಂಟು. ಇಂಥ ಯಂತ್ರವನ್ನು ಕೊಳ್ಳಹೊರಟವರು ಮೊದಲು ನೋಡುವುದು ನಾದವನ್ನಲ್ಲ, ಅಂಚುಗಳನ್ನು: ವಿಶ್ವವಿದ್ಯಾನಿಲಯದ ಆಸ್ತಿಯೆಂದು ಸಂಖ್ಯೆ ಕೊರೆದು ಅಂಟಿಸಿದ ಪುಟ್ಟ ತಗಡು ಹಾಗೆಯೇ ಇದೆಯೇ? ಫಲಕದ ಮೇಲೆ ಯಾರ ಹೆಸರಿದೆ? ಬುಕ್ಲಾ ಅವರ ತೀರ ಮೊದಲಿನ ಫಲಕಗಳ ಮೇಲೆ ಅವರ ಹೆಸರಿಗೆ ಬದಲು 'ಸ್ಯಾನ್ ಫ್ರಾನ್ಸಿಸ್ಕೋ ಟೇಪ್ ಸಂಗೀತ ಕೇಂದ್ರ' ಎಂದೇ ಅಚ್ಚಾಗಿರುತ್ತದೆ. ಆ ಅಚ್ಚಿರುವ ಫಲಕವನ್ನು ಬಲ್ಲವರು ಪೂಜೆಯ ಸಾಮಾನಿನಂತೆ ಎರಡು ಕೈಯಲ್ಲಿ ಹಿಡಿಯುತ್ತಾರೆ.

ಕೊಂಡದ್ದಾಯಿತು, ಹಾಡಿಸುವುದು ಹೇಗೆ? ಹಳೆಯ ವಾಲ್ವು ರೇಡಿಯೋವನ್ನು ಅಟ್ಟದಿಂದ ಇಳಿಸಿದವರು ಮಾಡುವ ತಪ್ಪನ್ನೇ ಇಲ್ಲಿಯೂ ಜನ ಮಾಡುವುದುಂಟು. ತಂದ ಸಂಭ್ರಮದಲ್ಲಿ ನೇರವಾಗಿ ವಿದ್ಯುತ್ತಿಗೆ ಸಿಕ್ಕಿಸಿಬಿಡುತ್ತಾರೆ. ದಶಕಗಳ ಕಾಲ ಮಲಗಿದ ಯಂತ್ರದೊಳಗಿನ ಕಂಡೆನ್ಸರುಗಳ ದ್ರವ ಒಣಗಿರುತ್ತದೆ. ಒಮ್ಮೆಲೇ ಪೂರ್ಣ ಒತ್ತಡ ಹರಿದರೆ ಅವು ಸಿಡಿದು, ತಮ್ಮ ಜೊತೆಗೆ ಮತ್ತೆಲ್ಲೂ ಸಿಗದ ಟ್ರಾನ್ಸಿಸ್ಟರುಗಳನ್ನೂ ಕೊಂದು ಹೋಗುತ್ತವೆ. ಬಲ್ಲವರು ಮೊದಲು ವಿದ್ಯುತ್ ಪೂರೈಸುವ ಭಾಗವನ್ನೇ ಬೇರೆಮಾಡಿ, ಕಂಡೆನ್ಸರುಗಳನ್ನು ಬದಲಿಸಿ, ಒತ್ತಡವನ್ನು ಸ್ವಲ್ಪಸ್ವಲ್ಪವಾಗಿ ಏರಿಸಿ ನೋಡುತ್ತಾರೆ. ಉಪವಾಸವಿದ್ದವನಿಗೆ ಗಂಜಿಯಿಂದ ಆರಂಭಿಸುವುದಿಲ್ಲವೆ, ಹಾಗೆ. ಆಮೇಲೆ ಗುಂಡಿಗಳ ಸರದಿ. ಗುಂಡಿಯ ಕೆಳಗೆ ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಗೆ ಸರಿಯುತ್ತದೆ. ಅಲ್ಲಿ ಧೂಳು ಕೂತರೆ ತಿರುಗಿಸಿದಾಗಲೆಲ್ಲ ಕರಕರ ಸದ್ದು. ತೂತುಗಳಿಗೆ ಕಿಲುಬು ಹಿಡಿದಿರುತ್ತದೆ. ಬೆಸುಗೆಗಳು ಕಣ್ಣಿಗೆ ಕಾಣದಂತೆ ಬಿರಿದಿರುತ್ತವೆ. ಒಂದೊಂದನ್ನೂ ಭೂತಗನ್ನಡಿಯಲ್ಲಿ ನೋಡಿ, ಹೊಸದಾಗಿ ಬೆಸೆಯಬೇಕು.

ಇಷ್ಟಾದರೆ ರಿಪೇರಿಯಷ್ಟೇ. ಕಷ್ಟ ಇರುವುದು ಮುಂದೆ. ಬುಕ್ಲಾ ಅವರ ಯಂತ್ರಗಳು ಕಾರ್ಖಾನೆಯ ಸರಕಲ್ಲ, ಕೈಕೆಲಸ. ಇಂದು ಮಾಡಿದಂತೆ ನಾಳೆ ಮಾಡಿದ್ದಲ್ಲ. ಆದ್ದರಿಂದ ನಕ್ಷೆ ಸಿಕ್ಕರೂ ನಂಬುವ ಹಾಗಿಲ್ಲ. ಕಣ್ಣೆದುರಿನ ಯಂತ್ರವೇ ಅದರ ನಕ್ಷೆ. ಅವರು ತಮ್ಮ ಯಂತ್ರಗಳಲ್ಲಿ ಬೆಳಕಿಗೆ ಸ್ಪಂದಿಸುವ ಒಂದು ಬಗೆಯ ಕಣವನ್ನು ಉಪಯೋಗಿಸಿದರು. ಮುಚ್ಚಿದ ಗೂಡಿನೊಳಗೆ ಪುಟ್ಟ ದೀಪ, ಅದರ ಎದುರಿಗೆ ಕ್ಯಾಡ್ಮಿಯಮ್ ಬಳಿದ ಕಣ. ದೀಪ ಹೊತ್ತಿದರೆ ನಾದದ ಬಾಗಿಲು ತೆರೆಯುತ್ತದೆ, ಆರಿದರೆ ಮುಚ್ಚುತ್ತದೆ. ಆದರೆ ಈ ಕಣ ಸ್ವಲ್ಪ ಸೋಮಾರಿ. ಬೆಳಕು ಹೋದಮೇಲೂ ಅರೆಗಳಿಗೆ ಹಿಂದಣ ನೆನಪಿನಲ್ಲೇ ಇದ್ದು, ಮೆಲ್ಲನೆ ಬಾಗಿಲೆಳೆದುಕೊಳ್ಳುತ್ತದೆ. ಮರದ ಮೇಲೆ ಬೆರಳಿನಿಂದ ತಟ್ಟಿದಂತೆ, ಹನಿ ಬಿದ್ದಂತೆ ಕೇಳುವ ಬುಕ್ಲಾ ನಾದದ ಮಾಧುರ್ಯ ಈ ಸೋಮಾರಿತನದ್ದೇ. ಹೊಸ ಕಾಲದ ಚುರುಕಾದ ಭಾಗವನ್ನು ಹಾಕಿದರೆ ಯಂತ್ರ ಕೆಲಸ ಮಾಡುತ್ತದೆ, ನಾದ ಸಾಯುತ್ತದೆ. ಹಳೆಯ ಬಗೆಯದನ್ನೇ ಹುಡುಕೋಣವೆಂದರೆ ಕ್ಯಾಡ್ಮಿಯಮ್ ವಿಷವೆಂದು ಯುರೋಪಿನಲ್ಲಿ ಅದರ ಬಳಕೆಗೆ ಕಟ್ಟುಪಾಡು. ಹೀಗಾಗಿ ಜೀರ್ಣೋದ್ಧಾರಕ್ಕೆ ಕುಳಿತವರು ಪ್ರತಿಯೊಂದು ಬಿಡಿಭಾಗದ ಮುಂದೆಯೂ ಒಂದು ತೀರ್ಮಾನವನ್ನು ತೆಗೆದುಕೊಳ್ಳಬೇಕಾಗುತ್ತದೆ. ವಸ್ತುಸಂಗ್ರಹಾಲಯದವರು ಎಲ್ಲವನ್ನೂ ಇದ್ದಂತೆಯೇ ಉಳಿಸಿ, ಮೂಕವಾಗಿದ್ದರೂ ಚಿಂತೆಯಿಲ್ಲ ಎನ್ನುವರು. ಸಂಗೀತಗಾರರು ನುಡಿಯಲಿ, ಒಳಗೇನಿದ್ದರೇನು ಎನ್ನುವರು. ನಮ್ಮ ಗುಡಿಗಳ ಶಿಲಾಸ್ತಂಭಗಳಿಗೆ ಎಣ್ಣೆಬಣ್ಣ ಬಳಿಯುವವರಿಗೂ ಪುರಾತತ್ವ ಇಲಾಖೆಯವರಿಗೂ ನಡೆಯುವ ಜಗಳದಂಥದೇ ಇದು. ವಾದ್ಯದ ವಿಷಯದಲ್ಲಾದರೋ ನುಡಿಸುವವರ ಪಕ್ಷವೇ ಹೆಚ್ಚು ಸರಿಯೆನ್ನಬೇಕು. ವಾಷಿಂಗ್ಟನ್ ರಾಜ್ಯದ ಎವರ್‌ಗ್ರೀನ್ ಕಾಲೇಜಿನವರು ತಮ್ಮ ಬುಕ್ಲಾವನ್ನು ಮಾರದೆ, ಗಾಜಿನ ಪೆಟ್ಟಿಗೆಯಲ್ಲೂ ಇಡದೆ, ದಶಕಗಳ ಕಾಲ ಪಾಠದ ಕೋಣೆಯಲ್ಲಿಯೇ ಬಳಸಿ ಉಳಿಸಿಕೊಂಡರು. ದಿನವೂ ತಿರುಗುವ ಗುಂಡಿಗೆ ಧೂಳು ಕೂರುವುದಿಲ್ಲ.

ಓಕ್‌ಲೆಂಡಿನಿಂದ ದಕ್ಷಿಣಕ್ಕೆ, ಕೊಲ್ಲಿಯನ್ನು ಎಡೆಬಿಡದೆ ನೋಡುತ್ತ ನಿಂತ ಬೆಟ್ಟದ ಸಾಲಿನಲ್ಲಿ ಹೇವರ್ಡ್ ಎಂಬ ಊರಿದೆ. ಅಲ್ಲಿನ ಬೆಟ್ಟದ ಮೇಲಿರುವುದು ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾನಿಲಯದ ಪೂರ್ವಕೊಲ್ಲಿ ಶಾಖೆ. ಸಂಜೆ ಅಲ್ಲಿ ನಿಂತರೆ ಕೆಳಗೆ ನೀರು, ಆಚೆಗೆ ದೀಪಗಳು, ಅದರಾಚೆಗೆ ಸಾಗರದಿಂದ ನುಗ್ಗಿಬರುವ ಮಂಜು. ಅಲ್ಲಿನ ಸಂಗೀತ ಶಾಖೆಯು 1960ರ ದಶಕದಲ್ಲಿ ಒಂದು ಬುಕ್ಲಾ ಯಂತ್ರವನ್ನು ಕೊಂಡಿತ್ತು. ಕಾಲಕ್ರಮದಲ್ಲಿ ಅದೂ ತಂಪಾದ, ಕತ್ತಲೆಯ ಕಪಾಟೊಂದನ್ನು ಸೇರಿತು. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದೂರದರ್ಶನ ಕೇಂದ್ರವೊಂದರ ಎಂಜಿನಿಯರೊಬ್ಬರು ಅದನ್ನು ರಿಪೇರಿಗೆ ಎತ್ತಿಕೊಂಡರು. ಕೆಂಪು ಬಣ್ಣದ ಫಲಕದ ಘಟಕವೊಂದನ್ನು ಬಿಚ್ಚಿದಾಗ, ಒಂದು ಗುಂಡಿಯ ಕೆಳಗೆ ಹರಳುಗಟ್ಟಿದ ಅಂಟು ಕಂಡಿತು. ಧೂಳೋ ಕಿಲುಬೋ ಇರಬೇಕೆಂದುಕೊಂಡು, ತೊಳೆಯುವ ದ್ರವವನ್ನು ಸಿಂಪಡಿಸಿ ಬೆರಳಿನಿಂದಲೇ ಉಜ್ಜಿ ಎಬ್ಬಿಸಿದರು. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಮೈಯಲ್ಲಿ ಜುಮುಜುಮು. ಆಮೇಲೆ ಕಂಡ ಲೋಕವೇ ಬೇರೆ. ಒಂಬತ್ತು ಗಂಟೆಗಳ ಕಾಲ ಅವರು ಆ ಲೋಕದಲ್ಲಿಯೇ ಇದ್ದರು. ರಾಸಾಯನಿಕ ಪರೀಕ್ಷೆಗಳಿಂದ ಆ ಹರಳು ಎಲ್.ಎಸ್.ಡಿ. ಎಂದು ತಿಳಿದುಬಂದಿತು!

ಓದುಗರು ನಗಬಹುದು. ಆದರೆ ಆ ಭ್ರಮಾಕಾರಿ ಮದ್ದಿನ ಗುಣವು ಲೋಕಕ್ಕೆ ತಿಳಿದದ್ದೂ ಹೀಗೆಯೇ: 1943ರಲ್ಲಿ ಸ್ವಿಟ್ಸರ್ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ಅವರ ಮೈಗೆ ಅದು ಅಕಸ್ಮಾತ್ತಾಗಿ ಸೇರಿದಾಗ. ಬಿಸಿಲು ಬಿಸಿಗಳಿಗೆ ಬೇಗ ಕೆಡುವ ಆ ವಸ್ತು ತಂಪಿನಲ್ಲಿ, ಕತ್ತಲೆಯಲ್ಲಿ ಬಹುಕಾಲ ಬಾಳುತ್ತದೆ. ವಿಶ್ವವಿದ್ಯಾನಿಲಯದ ಕಪಾಟಿಗಿಂತ ಪ್ರಶಸ್ತವಾದ ಜಾಗ ಅದಕ್ಕೆ ಇನ್ನೆಲ್ಲಿ? 1966ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾ ಅದನ್ನು ಕಾನೂನಿನಿಂದ ನಿ‌ಷೇಧಿಸುವವರೆಗೂ ಈ ಊರಿನ ತರುಣರು ಅದನ್ನು ಬಹಿರಂಗವಾಗಿಯೇ ಬಳಸುತ್ತಿದ್ದರು. ಆ ವರ್ಷದ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಂದರು ಕಾರ್ಮಿಕರ ಸಭಾಂಗಣದಲ್ಲಿ ನಡೆದ 'ಟ್ರಿಪ್ಸ್ ಉತ್ಸವ'ದಲ್ಲಿ ಅದೂ ಇತ್ತು, ಬುಕ್ಲಾ ಪೆಟ್ಟಿಗೆಯೂ ಇತ್ತು. ಹೇವರ್ಡಿನ ಕೆಂಪು ಫಲಕದ ಕೆಳಗೆ ಅದನ್ನು ಇಟ್ಟವರು ಯಾರೆಂಬುದು ಮಾತ್ರ ಬಯಲಾಗಲಿಲ್ಲ. ಎಂಜಿನಿಯರು ಕೈಗವಸು ತೊಟ್ಟು ಕೆಲಸವನ್ನು ಪೂರೈಸಿದರು.

ಆ ಯಂತ್ರ ತನ್ನೊಳಗೆ ಇಂಥ ಹರಳನ್ನು ಅರ್ಧ ಶತಮಾನ ಜೋಪಾನ ಮಾಡಿತೇ ಹೊರತು, ಒಂದೇ ಒಂದು ಸ್ವರವನ್ನೂ ಉಳಿಸಿಕೊಂಡಿರಲಿಲ್ಲ. ತಂತಿಗಳನ್ನು ಕಿತ್ತ ಕ್ಷಣವೇ ಬುಕ್ಲಾ ಪೆಟ್ಟಿಗೆ ತಾನು ಹಾಡಿದ್ದನ್ನೆಲ್ಲ ಮರೆತುಬಿಡುತ್ತದೆ. ಇದಕ್ಕೆ ಎದುರಾದ ಕಥೆ ನಮ್ಮ ದೇಶದಲ್ಲಿಯೇ ನಡೆದಿದೆ. ಅಹಮದಾಬಾದಿನಲ್ಲಿ, ಸಾಬರಮತಿಯ ದಡದಲ್ಲಿ, 1961ರಲ್ಲಿ ಹುಟ್ಟಿದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲಿ ಒಂದು ಮೋಗ್ ಯಂತ್ರ ಬಂದಿತು. ನ್ಯೂಯಾರ್ಕಿನ ಸಂಗೀತಗಾರ ಡೇವಿಡ್ ಟ್ಯೂಡರ್ ಅವರು ಬಂದು ಅದನ್ನು ಸಜ್ಜುಗೊಳಿಸಿದರು. ಸಾರಾಭಾಯಿ ಮನೆತನದ ಗೀತಾ ಅವರು ಅದಕ್ಕೂ ಬಹಳ ಮೊದಲೇ, 1946ರಲ್ಲಿ, ಅಮೆರಿಕಾದ ಜಾನ್ ಕೇಜ್ ಅವರಿಗೆ ಭಾರತೀಯ ಸಂಗೀತವನ್ನು ಹೇಳಿಕೊಟ್ಟು, ಅವರಿಂದ ಪಾಶ್ಚಾತ್ಯ ಸ್ವರಮೇಳವನ್ನು ಕಲಿತಿದ್ದವರು. ಆಕೆಯೂ, ಅತುಲ್ ದೇಸಾಯಿ, ಐ. ಎಸ್. ಮಾಥುರ್, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರಾ ಅವರೂ ಆ ಯಂತ್ರದ ಮೇಲೆ ಕೆಲಸ ಮಾಡಿ ಟೇಪುಗಳಿಗೆ ತುಂಬಿದರು. 1970ರ ದಶಕದ ಆರಂಭದಲ್ಲಿಯೇ ಆ ಉತ್ಸಾಹ ತಣ್ಣಗಾಯಿತು. ಟೇಪುಗಳು ಸಂಸ್ಥೆಯಲ್ಲಿಯೇ ಉಳಿದು ಮರೆತುಹೋದವು. 2017ರಲ್ಲಿ ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಅವರು ಅವನ್ನು ಕಂಡು ಹೊರತೆಗೆದರು. 2023ರಲ್ಲಿ ಆಯ್ದ ಕೆಲವು ಕೃತಿಗಳು ಧ್ವನಿಮುದ್ರಿಕೆಯಾಗಿ ಹೊರಬಂದವು. ಹೇವರ್ಡಿನಲ್ಲಿ ಸಿಕ್ಕಿದ್ದು ಗಂಟಲು. ಅಹಮದಾಬಾದಿನಲ್ಲಿ ಸಿಕ್ಕಿದ್ದು ಹಾಡು. ಎರಡು ಕಡೆಯೂ ಕಾದುಕೊಂಡವರು ಯಾರೂ ಇರಲಿಲ್ಲ, ಬಿಸಾಡಲು ಯಾರಿಗೂ ಪುರುಸೊತ್ತಾಗದೆ ಇದ್ದುದೇ ಪುಣ್ಯವಾಯಿತು.

ಮಿಲ್ಸ್ ಕಾಲೇಜಿನ ಕಡೆಗೆ ಮರಳಿದರೆ, ಅಲ್ಲಿ ಪುಣ್ಯದ ಲೆಕ್ಕ ತಲೆಕೆಳಗಾಯಿತು. ಬಾಡಿಗೆ ಮನೆಯ ತರುಣರನ್ನು ನಂಬಲಾಗದೆಂದು ಯಾವ ಸ್ಥಿರವಾದ ಸಂಸ್ಥೆಗೆ ಪೆಟ್ಟಿಗೆಯನ್ನು ಒಪ್ಪಿಸಲಾಗಿತ್ತೋ, ಆ ಸಂಸ್ಥೆಗೇ ಹಣದ ಮುಗ್ಗಟ್ಟು ಬಂದಿತು. ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತ ಬಂದು, ಇನ್ನು ಪದವಿಗಳನ್ನು ಕೊಡುವುದನ್ನೇ ನಿಲ್ಲಿಸುವುದಾಗಿ 2021ರ ಮಾರ್ಚಿನಲ್ಲಿ ಆಡಳಿತದವರು ಸಾರಿದರು. ಹಳೆಯ ವಿದ್ಯಾರ್ಥಿನಿಯರು ಪ್ರತಿಭಟಿಸಿದರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಕೊನೆಗೆ 2022ರ ಬೇಸಗೆಯಲ್ಲಿ, 170 ವರ್ಷಗಳ ಆ ಕಾಲೇಜು ದೂರದ ಬಾಸ್ಟನ್ ನಗರದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ಲೀನವಾಯಿತು.

ಅದಕ್ಕೆ ಕೆಲವೇ ವಾರಗಳ ಮುಂಚೆ, ಏಪ್ರಿಲ್ ತಿಂಗಳಲ್ಲಿ, ಅಲ್ಲಿ ಕಲಿತವರೂ ಕಲಿಸಿದವರೂ ಕಾಲೇಜಿನ ಸಂಗೀತ ಭವನದಲ್ಲಿ ಸೇರಿ ನಾಲ್ಕು ದಿನಗಳ ಉತ್ಸವವೊಂದನ್ನು ನಡೆಸಿದರು. 1939ರಿಂದ ಅಲ್ಲಿ ಹುಟ್ಟಿದ ಹೊಸ ಸಂಗೀತವನ್ನೆಲ್ಲ ನೆನೆಯುವುದು ಅದರ ಉದ್ದೇಶ. ಭವನದ ಗೋಡೆಗಳಿಗೆ 1928ರ ಚಿತ್ತಾರ, ಹೊರಗೆ ನೀಲಗಿರಿ ಮರಗಳು. ಹೇವರ್ಡ್ ಊರಿನ ಹೆಸರನ್ನೇ ಹೊತ್ತ ಭೂಕಂಪದ ಬಿರುಕು ಆ ಬೆಟ್ಟದ ಬುಡದಲ್ಲಿಯೇ ಹಾದುಹೋಗುತ್ತದೆ. ಉತ್ಸವಕ್ಕೆ ಅವರು ಇಟ್ಟ ಹೆಸರು: 'ಬಿರುಕಿನ ಮೇಲಿನ ಸಂಗೀತ'.